ತಟ್ಟೆಯ ಬೆನ್ನಿನ ಹೆಸರು

ಹಳೆಯ ವಸ್ತುಗಳ ಹರಾಜು ಕ್ಯಾಟಲಾಗುಗಳನ್ನು ಓದುವುದು ನನಗೆ ಬಹುಕಾಲದಿಂದ ಅಂಟಿಕೊಂಡಿರುವ ಅಭ್ಯಾಸ. ಕೊಳ್ಳುವ ಶಕ್ತಿಯಿಲ್ಲ, ಕೊಂಡರೆ ಇಡಲು ಜಾಗವೂ ಇಲ್ಲ. ಆದರೂ ಬೆಳ್ಳಿ, ಪಿಂಗಾಣಿ, ಗಡಿಯಾರ ಎಂಬ ಮೂರು ವಿಭಾಗಗಳನ್ನು ಓದದೆ ಬಿಡುವುದಿಲ್ಲ. ಈ ಪುಟಗಳಲ್ಲಿ ಪ್ರತಿ ವಸ್ತುವಿನ ವಿವರಕ್ಕೂ ಒಂದು ಕ್ರಮವಿದೆ. ವಸ್ತು ಏನು, ಯಾವ ಊರಿನದು, ಯಾವ ಕಾಲದ್ದು, ಎತ್ತರ ಎಷ್ಟು, ತೂಕ ಎಷ್ಟು, ಎಲ್ಲಿ ಸೀಳು ಬಿಟ್ಟಿದೆ, ಮತ್ತು ಮುಖ್ಯವಾಗಿ, ಯಾರದು. ನೋಡಲು ಒಂದೇ ರೀತಿಯಿರುವ, ಒಂದೇ ತೂಕದ ಎರಡು ಚಹಾ ಕುಡಿಕೆಗಳ ಬೆಲೆಯಲ್ಲಿ ಹತ್ತಾರು ಪಟ್ಟು ವ್ಯತ್ಯಾಸವಿರುವುದು ಈ ಕೊನೆಯ ವಿವರದಿಂದ.

'ಯಾರದು' ಎಂಬುದನ್ನು ಸಂಗ್ರಾಹಕರು ತಿಳಿಯುವುದು ವಸ್ತುವನ್ನು ತಿರುಗಿಸಿ ನೋಡಿ. ಬೆಳ್ಳಿಯ ತಟ್ಟೆಯ ಬೆನ್ನಿನಲ್ಲಿ ಒತ್ತಿದ ಪುಟ್ಟ ಮುದ್ರೆಗಳಿರುತ್ತವೆ. ಪಿಂಗಾಣಿ ಬಟ್ಟಲಿನ ಅಡಿಯಲ್ಲಿ ನೀಲಿ ಬಣ್ಣದ ಗುರುತಿರುತ್ತದೆ. ಗಡಿಯಾರಕ್ಕಂತೂ ಮುಖದ ಮೇಲೆಯೇ ಹೆಸರು. ಈ ಹೆಸರುಗಳ ಚರಿತ್ರೆಯನ್ನು ಹಿಂಬಾಲಿಸುತ್ತ ಹೋದ ಹಾಗೆ ನನಗೆ ಸ್ಪಷ್ಟವಾದ ಸಂಗತಿಯೆಂದರೆ, ಅವು ವಸ್ತುವನ್ನು ಮಾಡಿದವರ ಹೆಸರಾಗಿರುವುದು ಬಹಳ ಕಡಿಮೆ. ಕೊಳ್ಳುವವರಿಗೆ ಯಾರ ಮೇಲೆ ನಂಬಿಕೆ ಬರಬೇಕೋ ಅವರ ಹೆಸರು ಅಲ್ಲಿರುತ್ತದೆ. ಆ ಹೆಸರಿನ ಬೆಲೆ ಏರಿದಷ್ಟೂ ಮಾಡಿದ ಕೈ ಮರೆಗೆ ಸರಿಯುತ್ತದೆ. ಇದು ಯುರೋಪಿಗೆ, ಚೀನಾಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ನಮ್ಮ ಬೆಂಗಳೂರಿನ, ಮದರಾಸಿನ, ಬೀದರಿನ ಅಕ್ಕಸಾಲಿಗರ ಕಥೆಯೂ ಇದರಲ್ಲಿ ಸೇರಿದೆ.

ಚಿರತೆ, ಸಿಂಹ ಮತ್ತು ಒಂದು ಅಕ್ಷರ

ಬೆಳ್ಳಿಯ ಒಂದು ಗುಣವೇ ಅದರ ವ್ಯಾಪಾರಕ್ಕೆ ತೊಡಕು. ಶುದ್ಧ ಬೆಳ್ಳಿ ಮೆತ್ತಗಿರುತ್ತದೆ, ಪಾತ್ರೆ ಮಾಡಿದರೆ ಬೇಗ ನೆಗ್ಗುತ್ತದೆ. ಗಟ್ಟಿಯಾಗಲು ತಾಮ್ರ ಬೆರೆಸಲೇಬೇಕು. ಎಷ್ಟು ಬೆರೆಸಿದ್ದಾರೆ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ. ಮೋಸಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಬೇಕಿಲ್ಲ. ಹಾಗಾಗಿ 1300ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಒಂದು ಕಾನೂನು ತಂದ. ಬೆಳ್ಳಿ ಸಾಮಾನು ನಾಣ್ಯದ ಬೆಳ್ಳಿಯಷ್ಟಾದರೂ ಶುದ್ಧವಾಗಿರಬೇಕು, ಅಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಇರಬೇಕು. ಪರೀಕ್ಷಿಸಿದ ಮೇಲೆ ಚಿರತೆಯ ತಲೆಯ ಗುರುತು ಒತ್ತಬೇಕು. ಕಸುಬಿನ ಸಂಘದ ಹಿರಿಯರು ಅಂಗಡಿಯಿಂದ ಅಂಗಡಿಗೆ ಹೋಗಿ ಈ ಕೆಲಸ ಮಾಡುತ್ತಿದ್ದರು.

1363ರಲ್ಲಿ ಪ್ರತಿ ಅಕ್ಕಸಾಲಿಗನೂ ತನ್ನದೇ ಗುರುತು ಹಾಕಬೇಕೆಂಬ ನಿಯಮ ಬಂತು. ಓದುಬರಹ ಬಾರದವರೇ ಹೆಚ್ಚಿದ್ದ ಕಾಲವಾದ್ದರಿಂದ ಮೊದಮೊದಲ ಗುರುತುಗಳು ಚಿತ್ರಗಳಾಗಿದ್ದವು. ಅಕ್ಷರಗಳು ಬಂದದ್ದು ಆಮೇಲೆ. 1478ರಿಂದ ಅಕ್ಕಸಾಲಿಗರೇ ತಮ್ಮ ಸಾಮಾನನ್ನು ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್ ಎಂಬ ಸಂಘದ ಭವನಕ್ಕೆ ತಂದು ಒರೆಗೆ ಒಡ್ಡಬೇಕಾಯಿತು. ನಾವು ಇಂದು ಚಿನ್ನ ಕೊಳ್ಳುವಾಗ ಕೇಳುವ 'ಹಾಲ್‌ಮಾರ್ಕ್' ಎಂಬ ಪದ ಹುಟ್ಟಿದ್ದು ಆ ಭವನದಿಂದ. ಅದೇ ವರ್ಷದಿಂದ ವರ್ಷಕ್ಕೊಂದು ಅಕ್ಷರ ಒತ್ತುವ ಪದ್ಧತಿ ಶುರುವಾಯಿತು. ಪರೀಕ್ಷೆ ಮಾಡಿದ ಅಧಿಕಾರಿ ಯಾರು, ತಪ್ಪಾದರೆ ಯಾರನ್ನು ಹಿಡಿಯಬೇಕು ಎಂದು ತಿಳಿಯಲು ಇದ್ದ ಉಪಾಯ ಇದು. ಐನೂರು ವರ್ಷಗಳ ನಂತರ ಸಂಗ್ರಾಹಕನೊಬ್ಬ ಚಮಚವನ್ನು ಭೂತಗನ್ನಡಿಯಲ್ಲಿ ನೋಡಿ ಅದರ ವರ್ಷವನ್ನು ಹೇಳಬಲ್ಲನಾದರೆ ಅದು ಅಂದಿನ ಅಧಿಕಾರಿಗಳ ಮೇಲಿದ್ದ ಅನುಮಾನದ ಫಲ. 1544ರಲ್ಲಿ ನಡೆಯುವ ಸಿಂಹ ಸೇರಿತು. 1784ರಿಂದ 1890ರವರೆಗೆ ಸುಂಕ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ದೊರೆಯ ತಲೆಯೂ ಸೇರಿತು.

ಮುದ್ರೆಗೆ ಇಷ್ಟು ಬೆಲೆ ಬಂದಮೇಲೆ ಅದನ್ನು ಕದಿಯುವವರೂ ಹುಟ್ಟಿಕೊಂಡರು. 1720ರಲ್ಲಿ ಬೆಳ್ಳಿಯ ಮೇಲೆ ಔನ್ಸಿಗೆ 6 ಪೆನ್ಸ್ ಸುಂಕ ಬಿತ್ತು. ಕೆಲವು ಅಕ್ಕಸಾಲಿಗರು ಒಂದು ಚಿಕ್ಕ ತಟ್ಟೆಯನ್ನು ಪರೀಕ್ಷೆಗೆ ಕಳಿಸಿ, ಅಲ್ಪ ಸುಂಕ ಕಟ್ಟಿ, ಮುದ್ರೆ ಒತ್ತಿಸಿಕೊಂಡು ಬಂದು, ಆ ಮುದ್ರೆಯ ತುಂಡನ್ನು ಕತ್ತರಿಸಿ ಭಾರಿ ಹೂಜಿಯ ಬುಡಕ್ಕೆ ಬೆಸೆಯುತ್ತಿದ್ದರು. ಇಂದಿಗೂ ಅನುಭವಿ ಸಂಗ್ರಾಹಕರು ಹಳೆಯ ಪಾತ್ರೆಯ ಮುದ್ರೆಯ ಮೇಲೆ ಬಾಯಿಂದ ಹಬೆ ಊದಿ ನೋಡುತ್ತಾರೆ. ಬೆಸುಗೆ ಇದ್ದರೆ ಹಬೆ ಆರುವಾಗ ಮುದ್ರೆಯ ಸುತ್ತ ತೆಳ್ಳನೆಯ ಗೆರೆ ಮೂಡುತ್ತದೆ. ಖೋಟಾ ಮುದ್ರೆಗೆ ಹದಿನೆಂಟನೆಯ ಶತಮಾನದ ನಡುವಿನ ಕೆಲವು ವರ್ಷ ಮರಣದಂಡನೆಯೇ ಇತ್ತು. 1773ರಲ್ಲಿ ಅದನ್ನು ಗಡೀಪಾರಿಗೆ ಇಳಿಸಿದರು.

ಇಷ್ಟೆಲ್ಲ ಬಿಗಿಯಾದ ವ್ಯವಸ್ಥೆಯಲ್ಲೂ ಮಾಡಿದವರ ಹೆಸರಿಗೆ ಸ್ಥಾನ ಸಿಕ್ಕಿತೇ? 'ತಯಾರಕನ ಗುರುತು' ಎಂದು ರೂಢಿಯಲ್ಲಿ ಕರೆಯುವ ಮುದ್ರೆಯನ್ನು ಇಂದಿನ ಇಂಗ್ಲಿಷ್ ಕಾನೂನು 'ಹೊಣೆಗಾರನ ಗುರುತು' ಎಂಬ ಅರ್ಥದ ಪದದಿಂದ ಕರೆಯುತ್ತದೆ. ವಸ್ತುವನ್ನು ಪರೀಕ್ಷೆಗೆ ಒಪ್ಪಿಸಿದವರು, ಕಲಬೆರಕೆ ಕಂಡರೆ ದಂಡ ಕಟ್ಟಬೇಕಾದವರು ಇವರು ಎಂದಷ್ಟೇ ಅದರ ಅರ್ಥ. ಹೆಸ್ಟರ್ ಬೇಟ್‌ಮನ್ ಎಂಬ ವಿಧವೆ ಗಂಡ ತೀರಿಕೊಂಡ ಮರುವರ್ಷ, 1761ರಲ್ಲಿ, ತನ್ನ ಗುರುತನ್ನು ದಾಖಲಿಸಿದಳು. ಆಕೆಗೆ ಬರೆಯಲು ಬರುತ್ತಿರಲಿಲ್ಲ. ಅವಳ ಹೆಸರಿನ ಎರಡು ಅಕ್ಷರಗಳಿರುವ ಚಮಚ, ಚಹಾ ಕುಡಿಕೆಗಳು ಇಂದು ಸಂಗ್ರಾಹಕರಿಗೆ ಅಚ್ಚುಮೆಚ್ಚು. ಮಕ್ಕಳು, ಸೊಸೆ, ಶಿಷ್ಯರು, ಕೂಲಿಯವರು ಸೇರಿ ನಡೆಸಿದ ಒಂದು ದೊಡ್ಡ ಕಾರ್ಖಾನೆಯ ಫಲ ಅವೆಲ್ಲ. ಆ ಕಾಲದಲ್ಲಿ ಒಂದು ಕಾರ್ಖಾನೆಯನ್ನು ಮೂವತ್ತು ವರ್ಷ ನಡೆಸಿದ ಹೆಂಗಸಿನ ಸಾಧನೆ ದೊಡ್ಡದೇ. ಆದರೆ ಯಾವುದೋ ಒಂದು ಚಮಚವನ್ನು ಬಡಿದದ್ದು ಅವಳ ಕೈಯೇ ಎಂದು ಆ ಮುದ್ರೆ ಹೇಳುವುದಿಲ್ಲ.

ಎಪ್ಪತ್ತೆರಡು ಕೈಗಳ ಬಟ್ಟಲು

ಪಿಂಗಾಣಿಯ ವಿಷಯದಲ್ಲಿ ಈ ಮರೆವು ಇನ್ನೂ ದಟ್ಟವಾಗಿದೆ. ಚೀನಾದ ಜಿಂಗ್‌ದೆಜೆನ್ ಪಟ್ಟಣ ಸಾವಿರ ವರ್ಷಗಳಿಂದ ಪಿಂಗಾಣಿಯ ಊರು. 1637ರಲ್ಲಿ ಸಾಂಗ್ ಯಿಂಗ್‌ಷಿಂಗ್ ಎಂಬ ವಿದ್ವಾಂಸ ತನ್ನ ಕಾಲದ ಕಸುಬುಗಳ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ಬಟ್ಟಲು ಸಿದ್ಧವಾಗಲು ಎಪ್ಪತ್ತೆರಡು ಕೈಗಳನ್ನು ಹಾಯಬೇಕೆಂದು ಲೆಕ್ಕ ಕೊಟ್ಟಿದ್ದಾನೆ. 1712ರಲ್ಲಿ ಅಲ್ಲಿದ್ದ ಫ್ರೆಂಚ್ ಜೆಸ್ಯೂಟ್ ಪಾದ್ರಿ ದಾಂತ್ರ್‌ಕೋಲ್ ಊರಿಗೆ ಬರೆದ ದೀರ್ಘ ಪತ್ರದಲ್ಲೂ ಇಂಥದೇ ಲೆಕ್ಕವಿದೆ. ಒಬ್ಬ ಅಂಚಿನ ಗೆರೆ ಮಾತ್ರ ಎಳೆಯುತ್ತಾನೆ, ಇನ್ನೊಬ್ಬ ಹೂವಿನ ಆಕಾರ ಬರೆಯುತ್ತಾನೆ, ಮತ್ತೊಬ್ಬ ಬಣ್ಣ ತುಂಬುತ್ತಾನೆ. ಬೆಟ್ಟ ನೀರು ಬರೆಯುವವನು ಹಕ್ಕಿ ಬರೆಯುವುದಿಲ್ಲ. ಹೀಗೆ ಹಂಚಿಹೋದ ಕೆಲಸದಲ್ಲಿ ಸಹಿ ಹಾಕಬೇಕಾದವರು ಯಾರು?

ಸಹಿ ಬಿದ್ದದ್ದು ಚಕ್ರವರ್ತಿಯದು. ಅರಮನೆಗೆ ಹೋಗುವ ಪಾತ್ರೆಗಳ ಅಡಿಯಲ್ಲಿ ಸಾಮಾನ್ಯವಾಗಿ ಆರು ಅಕ್ಷರಗಳಲ್ಲಿ ರಾಜವಂಶದ ಹೆಸರು ಮತ್ತು ಆಳುವ ಚಕ್ರವರ್ತಿಯ ಕಾಲದ ಹೆಸರನ್ನು ಬರೆಯುತ್ತಿದ್ದರು. ಇದನ್ನು ಓದಿ ಬಟ್ಟಲಿನ ಕಾಲ ಗೊತ್ತುಮಾಡಬಹುದೆಂದು ಹೊಸ ಸಂಗ್ರಾಹಕರು ನಂಬುತ್ತಾರೆ. ಆದರೆ 1465ರಿಂದ 1487ರವರೆಗೆ ಆಳಿದ ಚೆಂಗ್‌ಹುವಾ ಚಕ್ರವರ್ತಿಯ ಗುರುತು ಅವನು ಸತ್ತು ಇನ್ನೂರು ವರ್ಷವಾದ ಮೇಲೆ ತಯಾರಾದ ಪಾತ್ರೆಗಳ ಮೇಲೂ ಬೇಕಾದಷ್ಟಿದೆ. ಅದೆಲ್ಲವೂ ಮೋಸವಲ್ಲ. ಹಿಂದಿನವರ ಕೆಲಸಕ್ಕೆ ಗೌರವ ತೋರಿಸುವ ಕ್ರಮವೂ ಅಲ್ಲಿತ್ತು. ಇನ್ನೊಂದು ಸಂಗತಿ ನನಗೆ ಬಹಳ ಸ್ವಾರಸ್ಯಕರವಾಗಿ ಕಂಡಿತು. 1677ರಲ್ಲಿ ಜಿಂಗ್‌ದೆಜೆನ್‌ನ ಅಧಿಕಾರಿಯೊಬ್ಬ ಆಳುವ ಕಾಂಗ್‌ಷಿ ಚಕ್ರವರ್ತಿಯ ಹೆಸರನ್ನು ಪಿಂಗಾಣಿಯ ಮೇಲೆ ಬರೆಯಕೂಡದೆಂದು ತಡೆದ. ಪಾತ್ರೆ ಒಡೆದರೆ ದೊರೆಯ ಹೆಸರು ತಿಪ್ಪೆ ಸೇರುತ್ತದಲ್ಲ ಎಂಬ ಆತಂಕ. ಕುಂಬಾರರು ಹಳೆಯ ರೂಢಿಯಂತೆ ಎರಡು ನೀಲಿ ವೃತ್ತ ಎಳೆದು ನಡುವಿನ ಜಾಗವನ್ನು ಖಾಲಿ ಬಿಟ್ಟರು, ಇಲ್ಲವೇ ಒಂದು ಎಲೆ ಬರೆದರು. ಹೆಸರಿಗೆ ಜಾಗ ಖಾಲಿಯಾದಾಗಲೂ ಅಲ್ಲಿಗೆ ತಮ್ಮ ಹೆಸರು ಬರೆಯಬಹುದೆಂದು ಅವರಿಗೆ ಅನ್ನಿಸಲಿಲ್ಲ, ಅಥವಾ ಅನ್ನಿಸಿದರೂ ಬರೆಯುವ ಅಧಿಕಾರವಿರಲಿಲ್ಲ.

ಅದೇ ಚೆಂಗ್‌ಹುವಾ ಕಾಲದ್ದೆಂದು ಖಚಿತವಾದ, ಅಂಗೈಯಲ್ಲಿ ಹಿಡಿಸುವ ಒಂದು ಬಟ್ಟಲು 2014ರಲ್ಲಿ ಹಾಂಗ್‌ಕಾಂಗಿನ ಸೋದೆಬೀಸ್ ಹರಾಜಿನಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಮೀರಿ ಮಾರಾಟವಾಯಿತು. ಅದರ ಮೇಲೆ ಹುಂಜ, ಕೋಳಿ, ಮರಿಗಳ ಪುಟ್ಟ ಸಂಸಾರದ ಚಿತ್ರವಿದೆ. ಕೊಂಡವನು ಅದರಲ್ಲಿ ಚಹಾ ಕುಡಿದ ಫೋಟೋ ಲೋಕವನ್ನೆಲ್ಲ ಸುತ್ತಿತು. ಅವನ ಹೆಸರು ನಮಗೆ ಗೊತ್ತು, ಚಕ್ರವರ್ತಿಯ ಹೆಸರು ಗೊತ್ತು, ಹರಾಜು ಸಂಸ್ಥೆಯ ಹೆಸರು ಗೊತ್ತು. ಆ ಕೋಳಿಮರಿಗಳನ್ನು ಬರೆದವರ ಹೆಸರು ಎಲ್ಲಿಯೂ ಇಲ್ಲ.

ಪಿಂಗಾಣಿಯ ಗುಟ್ಟನ್ನು ಯುರೋಪ್ ಬಿಡಿಸಿದ್ದು ಹದಿನೆಂಟನೆಯ ಶತಮಾನದ ಆರಂಭದಲ್ಲಿ. ಚಿನ್ನ ಮಾಡಿಕೊಡುತ್ತೇನೆಂದು ಹೇಳಿ ಸ್ಯಾಕ್ಸನಿಯ ದೊರೆಯ ಸೆರೆಯಲ್ಲಿ ಸಿಕ್ಕಿಕೊಂಡಿದ್ದ ಬ್ಯೋಟ್ಗರ್ ಎಂಬ ರಸವಾದಿ ಚಿನ್ನದ ಬದಲು ಪಿಂಗಾಣಿ ಮಾಡಿಕೊಟ್ಟ. 1710ರಲ್ಲಿ ಮೈಸೆನ್ ಕಾರ್ಖಾನೆ ಶುರುವಾಯಿತು. 1720ರ ದಶಕದಿಂದ ಅದರ ಗುರುತು ಅಡ್ಡಡ್ಡಲಾಗಿಟ್ಟ ಎರಡು ನೀಲಿ ಕತ್ತಿಗಳು. ಚಿತ್ರಗಾರರ ಮುಖ್ಯಸ್ಥನಾಗಿದ್ದ ಹ್ಯೋರೋಲ್ಟ್‌ನ ಕೈಕೆಳಗೆ ದುಡಿಯುತ್ತಿದ್ದ ಕಲಾವಿದರಿಗೆ ಸಹಿ ಹಾಕುವ ಅನುಮತಿ ಇರಲಿಲ್ಲ. ಇಂಗ್ಲೆಂಡಿನ ವೂಸ್ಟರ್‌ನಂಥ ಕಾರ್ಖಾನೆಗಳು ಆ ಕತ್ತಿಗಳನ್ನೇ ನಕಲು ಮಾಡಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನ ಸಾಮ್ಸನ್ ಸಂಸ್ಥೆ ಎಲ್ಲ ಪ್ರಸಿದ್ಧ ಪಿಂಗಾಣಿಗಳ ಪ್ರತಿರೂಪಗಳನ್ನು ಎಷ್ಟು ಚೆನ್ನಾಗಿ ಮಾಡಿತೆಂದರೆ ಇಂದು ಸಾಮ್ಸನ್ ನಕಲುಗಳಿಗೇ ಬೇರೆ ಸಂಗ್ರಾಹಕರಿದ್ದಾರೆ.

ಇದಕ್ಕೆ ಒಂದು ಅಪವಾದವನ್ನು ಹೇಳಲೇಬೇಕು. ಫ್ರಾನ್ಸಿನ ಅರಮನೆಯ ಸೆವ್ರ್ ಕಾರ್ಖಾನೆಯಲ್ಲಿ ಚಿತ್ರಗಾರರಿಗೂ ಚಿನ್ನದ ಲೇಪ ಮಾಡುವವರಿಗೂ ತಮ್ಮದೇ ಪುಟ್ಟ ಗುರುತುಗಳಿದ್ದವು. ದೊರೆಯ ಹೆಸರಿನ ಹೆಣೆದ ಅಕ್ಷರಗಳ ಜೊತೆ, 1753ರಿಂದ ಬಂದ ವರ್ಷದ ಅಕ್ಷರದ ಜೊತೆ, ಒಂದು ಚುಕ್ಕಿಯೋ ಒಂದು ಹೂವೋ ಇರುತ್ತದೆ. ಯಾರು ಏನು ಕೆಲಸ ಮಾಡಿದರೆಂದು ಲೆಕ್ಕ ಇಡಲು ನೆರವಾದ ಆ ಗುರುತುಗಳನ್ನು ಕಾರ್ಖಾನೆಯ ದಾಖಲೆಗಳ ಜೊತೆ ಹೋಲಿಸಿ ಸಂಶೋಧಕರು ಎಷ್ಟೋ ಕಲಾವಿದರ ಹೆಸರುಗಳನ್ನು ಮತ್ತೆ ಹೊರತಂದಿದ್ದಾರೆ. ಅಷ್ಟೊಂದು ಕೈಗಳ ಕೆಲಸದಲ್ಲೂ ಒಂದೊಂದು ಕೈಯನ್ನು ಗುರುತಿಸಿಡಲು ಸಾಧ್ಯವಿತ್ತು ಎಂಬುದಕ್ಕೆ ಇದು ಸಾಕ್ಷಿ.

ಗಡಿಯಾರದೊಳಗಿನ ಹುಡುಗಿಯರು

ಗಡಿಯಾರವೆಂದರೆ ಒಬ್ಬ ಒಂಟಿ ಕುಶಲಕರ್ಮಿ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕುಳಿತ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ಇಂಗ್ಲಿಷ್ ಗಡಿಯಾರದ ಪಿತಾಮಹ ಎನ್ನಿಸಿಕೊಂಡ ಥಾಮಸ್ ಟಾಂಪಿಯನ್ 1713ರಲ್ಲಿ ತೀರಿಕೊಂಡಾಗ ಅವನನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಿದರು. ಅವನ ಹೆಸರಿನಲ್ಲಿ ಸುಮಾರು 5,500 ಕೈಗಡಿಯಾರದಂಥ ಜೇಬು ಗಡಿಯಾರಗಳೂ 650 ದೊಡ್ಡ ಗಡಿಯಾರಗಳೂ ಹೊರಬಂದವು. ಒಬ್ಬನಿಂದ ಆಗುವ ಕೆಲಸವಲ್ಲ ಇದು. ಫ್ಲೀಟ್ ಸ್ಟ್ರೀಟಿನ ಅವನ ಮನೆ ಒಂದು ಕಾರ್ಖಾನೆಯಾಗಿತ್ತು. ತನ್ನ ಗಡಿಯಾರಗಳಿಗೆ ಕ್ರಮಸಂಖ್ಯೆ ಕೊಡುವ ಪದ್ಧತಿಯನ್ನು ತಂದವರಲ್ಲಿ ಅವನು ಮೊದಲಿಗ. ನಕಲಿಗಳ ಕಾಟಕ್ಕೆ ಅದೂ ಒಂದು ಉತ್ತರ. ಲಂಡನ್ನಿನ ಹೆಸರಿಗೆ ಎಷ್ಟು ಬೆಲೆ ಬಂತೆಂದರೆ ಮುಂದೆ ಯುರೋಪಿನ ಬೇರೆ ಊರುಗಳಲ್ಲಿ ತಯಾರಾದ ಅಗ್ಗದ ಗಡಿಯಾರಗಳ ಮೇಲೆ 'ಟಾರ್ಟ್ಸ್, ಲಂಡನ್', 'ವಿಲ್ಟರ್, ಲಂಡನ್' ಎಂದೆಲ್ಲ ಕೆತ್ತಿ ಮಾರಿದರು. ಲಂಡನ್ನಿನಲ್ಲಿ ಅಂಥ ಹೆಸರಿನ ಗಡಿಯಾರಗಾರರೇ ಇರಲಿಲ್ಲ.

1747ರಲ್ಲಿ ಲಂಡನ್ನಿನ ಕಸುಬುಗಳ ಬಗ್ಗೆ ಒಂದು ಕೈಪಿಡಿ ಬರೆದ ಕ್ಯಾಂಬೆಲ್ ಎಂಬಾತ ಗಡಿಯಾರದ ಮೇಲೆ ಹೆಸರು ಹಾಕುವವನಿಗೂ ಅದರೊಳಗಿನ ಚಕ್ರಗಳನ್ನು ಮಾಡುವವನಿಗೂ ಸಂಬಂಧವೇ ಇರಬೇಕಾಗಿಲ್ಲವೆಂದು ಆಗಲೇ ವಿವರಿಸಿದ್ದ. ಲ್ಯಾಂಕಶೈರಿನ ಪ್ರೆಸ್ಕಟ್ ಎಂಬ ಊರಿನ ಮನೆಮನೆಗಳಲ್ಲಿ ಯಂತ್ರದ ಒರಟು ಭಾಗಗಳು ತಯಾರಾಗುತ್ತಿದ್ದವು. ಲಂಡನ್ನಿನಲ್ಲಿ ಒಬ್ಬ ಸ್ಪ್ರಿಂಗ್ ಮಾಡುತ್ತಿದ್ದ, ಒಬ್ಬ ಮುಖಕ್ಕೆ ಎನಾಮೆಲ್ ಹಾಕುತ್ತಿದ್ದ, ಒಬ್ಬ ಬರೇ ಮುಳ್ಳು ಮಾಡುತ್ತಿದ್ದ.

ಇವುಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಭಾಗ ಒಂದು ಸರಪಳಿ. ಸುತ್ತಿದ ಸ್ಪ್ರಿಂಗಿಗೆ ಮೊದಲು ಬಲ ಹೆಚ್ಚು, ಬಿಚ್ಚುತ್ತ ಹೋದಂತೆ ಬಲ ಕಡಿಮೆ. ಹಾಗೆಯೇ ಬಿಟ್ಟರೆ ಗಡಿಯಾರ ಮೊದಲು ಓಡಿ ಆಮೇಲೆ ಕುಂಟುತ್ತದೆ. ಇದನ್ನು ಸರಿದೂಗಿಸಲು ಶಂಕುವಿನ ಆಕಾರದ ಒಂದು ರಾಟೆಯಿಟ್ಟು, ಸ್ಪ್ರಿಂಗಿನ ಡಬ್ಬಿಗೂ ಅದಕ್ಕೂ ನಡುವೆ ಸರಪಳಿ ಸುತ್ತುತ್ತಾರೆ. ಬಲ ಹೆಚ್ಚಿರುವಾಗ ಸರಪಳಿ ಶಂಕುವಿನ ಕಿರಿದಾದ ತುದಿಯನ್ನು ಎಳೆಯುತ್ತದೆ, ಬಲ ಕುಂದಿದಾಗ ಅಗಲವಾದ ಬುಡವನ್ನು. ಜೇಬು ಗಡಿಯಾರದ ಸರಪಳಿ ಕುದುರೆಯ ಕೂದಲಿಗಿಂತ ಹೆಚ್ಚು ದಪ್ಪವಿಲ್ಲವೇನೋ ಎಂಬಂತೆ ಕಾಣುತ್ತದೆ. ಸೈಕಲ್ ಚೈನಿನಂತೆ ಅದರಲ್ಲೂ ಕೊಂಡಿಗಳು, ಪ್ರತಿ ಕೊಂಡಿಗೂ ಒಂದು ಮೊಳೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಇಂಗ್ಲೆಂಡಿನ ದಕ್ಷಿಣ ತೀರದ ಕ್ರೈಸ್ಟ್‌ಚರ್ಚ್ ಪಟ್ಟಣದಲ್ಲಿ ಇವನ್ನು ಮಾಡುತ್ತಿದ್ದವರು ಹೆಂಗಸರು ಮತ್ತು ಮಕ್ಕಳು. ಬಡವರ ಅನಾಥಾಲಯದ ಹುಡುಗಿಯರೂ ಅವರಲ್ಲಿದ್ದರು. ಇಂದು ಹರಾಜಿನಲ್ಲಿ ಆ ಕಾಲದ ಇಂಗ್ಲಿಷ್ ಗಡಿಯಾರವನ್ನು ಕೊಳ್ಳುವವರು ಮುಖದ ಮೇಲಿನ ಹೆಸರನ್ನು ಓದುತ್ತಾರೆ. ಗಡಿಯಾರ ಸಮವಾಗಿ ನಡೆಯುತ್ತಿರುವುದು ಆ ಹುಡುಗಿಯರ ಕಣ್ಣಿನ ಬೆಳಕಿನಿಂದ.

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋದವರು ಅಲ್ಲಿನ ಸಂಗೀತ ಗಡಿಯಾರವನ್ನು ಮರೆಯಲಾರರು. ಗಂಟೆ ಸಮೀಪಿಸಿದಂತೆ ಜನ ಜಮಾಯಿಸುತ್ತಾರೆ. ಪುಟ್ಟ ಗಡ್ಡದ ಮನುಷ್ಯ ಬಾಗಿಲು ತೆರೆದು ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತಾನೆ. ಗಡಿಯಾರಕ್ಕಿರುವ ಹೆಸರು ಕುಕ್ ಅಂಡ್ ಕೆಲ್ವಿ. ಅದು ಕಲ್ಕತ್ತೆಯ ಅಂಗಡಿಯ ಹೆಸರು. ಯಂತ್ರದ ಭಾಗಗಳು ಬಂದದ್ದು ಇಂಗ್ಲೆಂಡಿನಿಂದ, ಜೋಡಿಸಿದ್ದು ಕಲ್ಕತ್ತೆಯಲ್ಲಿ. ಕಂಪನಿಯ ಬೆಳ್ಳಿ ಮತ್ತು ಗಡಿಯಾರದ ಅಂಗಡಿಗಳು ನಮ್ಮ ದೇಶದಲ್ಲಿ ನಡೆದುಕೊಂಡ ರೀತಿಗೆ ಇದೊಂದು ಒಳ್ಳೆಯ ಉದಾಹರಣೆ.

ಹಾಲಿನ ಕುಡಿಕೆಯ ಮೇಲೆ ದೇವರು

ಬ್ರಿಟಿಷ್ ಇಂಡಿಯಾದಲ್ಲಿ ಲಂಡನ್ನಿನಂಥ ಪರೀಕ್ಷಾ ಭವನ ಇರಲಿಲ್ಲ. ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿ, ಮದರಾಸಿನ ಪಿ. ಆರ್ ಅಂಡ್ ಸನ್ಸ್, ಬೆಂಗಳೂರು ದಂಡಿನ ಬಾರ್ಟನ್ ಮೊದಲಾದ ಯುರೋಪಿಯನ್ ಅಂಗಡಿಗಳು ತಮ್ಮ ಹೆಸರನ್ನು ಬೆಳ್ಳಿಯ ಮೇಲೆ ತಾವೇ ಒತ್ತಿಕೊಂಡವು. ಕೆಲವರು ಲಂಡನ್ ಮುದ್ರೆಗಳ ಸಾಲನ್ನು ಹೋಲುವಂತೆ ಆನೆಯನ್ನೋ ಬಿಡಿ ಅಕ್ಷರವನ್ನೋ ಸೇರಿಸಿದರು. ಅವು ಯಾರೂ ಪರೀಕ್ಷಿಸಿ ಕೊಟ್ಟ ಗುರುತುಗಳಲ್ಲ, ನೋಡಿದವರಿಗೆ ಭರವಸೆ ಬರಲಿ ಎಂದು ಹಾಕಿದವು. ಬಾರ್ಟನ್ ಅಂಗಡಿಯಿದ್ದ ಸೌತ್ ಪೆರೇಡ್ ಇಂದಿನ ಮಹಾತ್ಮ ಗಾಂಧಿ ರಸ್ತೆ. ಅಲ್ಲಿನ ಬಾರ್ಟನ್ ಸೆಂಟರ್ ಕಟ್ಟಡದಲ್ಲಿ ಆ ಹೆಸರು ಇನ್ನೂ ಉಳಿದಿದೆ.

ಮದರಾಸು ಮತ್ತು ಬೆಂಗಳೂರಿನ ಬೆಳ್ಳಿಗೆ ಸಂಗ್ರಾಹಕರ ಲೋಕದಲ್ಲಿ 'ಸ್ವಾಮಿ ಬೆಳ್ಳಿ' ಎಂದು ಹೆಸರು. ಚಹಾ ಕುಡಿಕೆ, ಹಾಲಿನ ಕುಡಿಕೆ, ಸಕ್ಕರೆ ಬಟ್ಟಲುಗಳ ಆಕಾರ ಅಪ್ಪಟ ವಿಕ್ಟೋರಿಯನ್. ಆದರೆ ಅವುಗಳ ಮೈತುಂಬ ಕೃಷ್ಣ, ವಿಷ್ಣು, ಶಿವ, ನಂದಿ, ಕಮಾನುಗಳ ಒಳಗೆ ನಿಂತ ದೇವತೆಗಳು. ದೇವಸ್ಥಾನದ ಗೋಡೆಯೇ ಚಹಾ ಮೇಜಿಗೆ ಇಳಿದುಬಂದ ಹಾಗೆ. ಹಬ್ಬಕ್ಕೆ ಉತ್ಸವಮೂರ್ತಿಯ ಕವಚ ಬಡಿದುಕೊಡುವ ಕೈಗಳೇ ಈ ಕೆಲಸಕ್ಕೂ ಒದಗಿದವೆಂದು ಅದನ್ನು ನೋಡಿದರೆ ಅನ್ನಿಸುತ್ತದೆ. ಬೆಳ್ಳಿಯ ತಗಡನ್ನು ಅರಗಿನ ಹಾಸಿನ ಮೇಲಿಟ್ಟು, ಹಿಂದಿನಿಂದ ಚಾಣದಲ್ಲಿ ಮೆಲ್ಲನೆ ಬಡಿದು ಆಕಾರ ಉಬ್ಬಿಸಬೇಕು. ಬಡಿದಂತೆ ಬೆಳ್ಳಿ ಗಡುಸಾಗುತ್ತದೆ, ಬಿಸಿ ಮಾಡಿ ಮತ್ತೆ ಹದಕ್ಕೆ ತರಬೇಕು. ಆಮೇಲೆ ತಿರುಗಿಸಿ ಮುಂಭಾಗದಿಂದ ಕಣ್ಣು, ಮೂಗು, ಸರದ ಮಣಿಗಳನ್ನು ಬಿಡಿಸಬೇಕು. ಏಟು ಹೆಚ್ಚಾದರೆ ತಗಡು ಹರಿಯುತ್ತದೆ.

ಬೆಳ್ಳಿ ಎಲ್ಲಿಂದ ಬರುತ್ತಿತ್ತು ಎಂಬುದೂ ಗಮನಿಸಬೇಕಾದ ವಿಷಯ. ಅಂದಿನ ಬೆಳ್ಳಿ ರೂಪಾಯಿ ಒಂದು ತೊಲ ತೂಗುತ್ತಿತ್ತು, ಅಂದರೆ ಸುಮಾರು 11.66 ಗ್ರಾಂ. ಅದರಲ್ಲಿ 12 ಪಾಲಿಗೆ 11 ಪಾಲು ಬೆಳ್ಳಿ. ಗಿರಾಕಿ ರೂಪಾಯಿಗಳನ್ನು ಎಣಿಸಿ ಕೊಟ್ಟರೆ ಅಕ್ಕಸಾಲಿಗ ಅವನ್ನು ಕರಗಿಸಿ ಸಾಮಾನು ಮಾಡಿಕೊಡುತ್ತಿದ್ದ. ಸಾಮಾನಿನ ತೂಕವನ್ನು ನಾಣ್ಯದ ಜೊತೆಯೇ ತೂಗಿ ನೋಡಬಹುದಿತ್ತು. ಪರೀಕ್ಷಾ ಭವನದ ಬದಲು ಇಲ್ಲಿ ನಾಣ್ಯವೂ ತಕ್ಕಡಿಯೂ ಮುಖಾಮುಖಿ ಪರಿಚಯವೂ ಹೊಣೆ ಹೊತ್ತಿದ್ದವು. ಊರಿನವರಿಗೆ ಅಕ್ಕಸಾಲಿಗನ ಹೆಸರು ಬರೆದಿಡುವ ಅಗತ್ಯವಿರಲಿಲ್ಲ, ಅವನ ಮನೆ ಅವರಿಗೆ ಗೊತ್ತಿತ್ತು. ಅಂಗಡಿಯ ಮೂಲಕ ವಸ್ತು ಹಡಗು ಹತ್ತಿದಾಗ ಆ ಪರಿಚಯ ಕಡಿದುಹೋಯಿತು. ಉಳಿದದ್ದು ಅಂಗಡಿಯ ಮುದ್ರೆ.

1875-76ರಲ್ಲಿ ವೇಲ್ಸ್ ರಾಜಕುಮಾರ, ಮುಂದೆ ಏಳನೇ ಎಡ್ವರ್ಡ್ ಆದವನು, ಭಾರತ ಪ್ರವಾಸ ಮಾಡಿದಾಗ ಸಂಸ್ಥಾನಗಳ ದೊರೆಗಳು ಕೊಟ್ಟ ಉಡುಗೊರೆಗಳಲ್ಲಿ ಸ್ವಾಮಿ ಬೆಳ್ಳಿಯೂ ಇತ್ತು. ಆ ಉಡುಗೊರೆಗಳನ್ನು ಲಂಡನ್ನಿನಲ್ಲೂ 1878ರ ಪ್ಯಾರಿಸ್ ಮಹಾಪ್ರದರ್ಶನದಲ್ಲೂ ಇಟ್ಟರು. ಕೊಟ್ಟ ದೊರೆಯ ಹೆಸರು ಉಳಿಯಿತು, ಮಾಡಿಸಿದ ಅಂಗಡಿಯ ಹೆಸರು ಉಳಿಯಿತು. ಚಾಣ ಹಿಡಿದವನ ಹೆಸರು ಸಿಗುವುದು ಅಪರೂಪ. ಕಚ್ಛದ ಭುಜ್ ಪಟ್ಟಣದ ಊಮರ್ಸಿ ಮಾವ್ಜಿ ಈ ನಿಯಮಕ್ಕೆ ಹೊರತಾದ ಹೆಸರು. ಕಚ್ಛದ ಅರಮನೆಗೆ ಕೆಲಸ ಮಾಡಿಕೊಡುತ್ತಿದ್ದ ಈತ ತನ್ನ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರಗಳನ್ನು, ಕೆಲವೊಮ್ಮೆ ಊರಿನ ಹೆಸರನ್ನೂ, ಒತ್ತುತ್ತಿದ್ದ. ಬಳ್ಳಿಗಳ ನಡುವೆ ಪ್ರಾಣಿಗಳು ಓಡುವ ಅವನ ಕೆಲಸ ಇಂದು ಹರಾಜಿಗೆ ಬಂದರೆ ಪೈಪೋಟಿ ಏಳುತ್ತದೆ. ಅವನ ಮುದ್ರೆಯ ಹಿಂದೆಯೂ ಬೇರೆ ಕೈಗಳಿದ್ದವು ಎನ್ನುವುದನ್ನು ಬಿಡುವಂತಿಲ್ಲ. ಆದರೂ ಭಾರತೀಯ ಅಕ್ಕಸಾಲಿಗನೊಬ್ಬನ ಹೆಸರು ಬೆಳ್ಳಿಯ ಮೇಲೆ ನಿಂತದ್ದು ದೊಡ್ಡ ಮಾತು. ಸ್ವಾಮಿ ಬೆಳ್ಳಿಯಲ್ಲಿ ಅವನಿಗೆ ಸಮನಾದ ಕೆಲಸ ನಮ್ಮ ಕಡೆಯವರೂ ಮಾಡಿದ್ದಾರೆ. ಕ್ಯಾಟಲಾಗಿನಲ್ಲಿ ಅವರು 'ಬಾರ್ಟನ್, ಬೆಂಗಳೂರು'.

ರೂವಾರಿಗಳ ನಾಡಿನಲ್ಲಿ

ಕೈಕೆಲಸದವರು ಹೆಸರು ಬಯಸದೆ ದುಡಿಯುವುದು ಭಾರತೀಯ ಸಂಪ್ರದಾಯವೆಂದು ಆಗಾಗ ಕೇಳುತ್ತೇವೆ. ಕರ್ನಾಟಕದಲ್ಲಿ ಹುಟ್ಟಿದವರು ಈ ಮಾತನ್ನು ಒಪ್ಪುವುದು ಕಷ್ಟ. ಬೇಲೂರಿನ ಶಿಲ್ಪಗಳ ಪೀಠದ ಮೇಲೆ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ನುಗ್ಗೇಹಳ್ಳಿಯ ದೇವಸ್ಥಾನದಲ್ಲಿ ಒಂದು ಬದಿಯ ಶಿಲ್ಪಗಳು ಬೈಚೋಜನವು, ಇನ್ನೊಂದು ಬದಿಯವು ಮಲ್ಲಿತಮ್ಮನವು ಎಂದು ಹೇಳಲು ಸಾಧ್ಯವಾಗಿರುವುದು ಅವರ ಸಹಿಗಳಿಂದ. ಅದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಇದೆ. ದೊರೆಯ ಬಿರುದುಗಳು ಶಾಸನದಲ್ಲಿ ಇರುವಂತೆ ರೂವಾರಿಯ ಹೆಸರು ಕಲ್ಲಿನ ಕಾಲ ಬುಡದಲ್ಲಿ ಇತ್ತು. ಹೆಸರು ಅಳಿಸಿಹೋಗುವುದು ನಮ್ಮ ನೆಲದ ಸ್ವಭಾವವಾಗಿದ್ದರೆ ಈ ಸಹಿಗಳು ಇರುತ್ತಿರಲಿಲ್ಲ.

ಬೀದರಿನ ಬಿದ್ರಿ ಕೆಲಸವನ್ನೇ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ನುಣುಪು ಮಾಡಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಆ ಕಪ್ಪಿನ ಮೇಲೆ ಉಳಿಯಿಂದ ಬಳ್ಳಿ ಹೂವು ಬಿಡಿಸುತ್ತಾರೆ. ಆ ಗೀರುಗಳಲ್ಲಿ ಬೆಳ್ಳಿಯ ತಂತಿ, ತಗಡು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದರೆ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. 1851ರ ಲಂಡನ್ ಮಹಾಪ್ರದರ್ಶನದಲ್ಲೂ ಬಿದ್ರಿ ಇತ್ತು. ಎರಕದವನು, ಚಿತ್ರ ಬಿಡಿಸುವವನು, ಬೆಳ್ಳಿ ಕೂರಿಸುವವನು ಬೇರೆಬೇರೆ ಇರುವ ಈ ಕೆಲಸದಲ್ಲಿ ಹಳೆಯ ಹುಕ್ಕಾ ಬುರುಡೆಗಳ ಮೇಲೆ ಹೆಸರು ಸಿಗುವುದು ಬಹಳ ವಿರಳ. ಮ್ಯೂಸಿಯಮ್ಮುಗಳಲ್ಲಿ 'ಬೀದರ್, ದಖನ್' ಎಂಬ ಎರಡು ಪದಗಳಲ್ಲೇ ಹಲವು ತಲೆಮಾರುಗಳು ಅಡಗಿವೆ. ಹಾಗಾಗಿ 2023ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ನನಗೆ ಆದ ಸಂತೋಷಕ್ಕೆ ಪ್ರಶಸ್ತಿಗಿಂತ ಹೆಚ್ಚಿನ ಕಾರಣವಿತ್ತು. ಬಿದ್ರಿ ಎಂಬ ಊರ ಹೆಸರಿನ ಪಕ್ಕದಲ್ಲಿ ಒಬ್ಬ ಮನುಷ್ಯನ ಹೆಸರನ್ನು ನಾಡು ಗಟ್ಟಿಯಾಗಿ ಹೇಳಿತು.

ನಮ್ಮಲ್ಲಿ ಚಿನ್ನಕ್ಕೆ 2000ದಲ್ಲೂ ಬೆಳ್ಳಿಗೆ 2005ರಲ್ಲೂ ಸರ್ಕಾರಿ ಹಾಲ್‌ಮಾರ್ಕ್ ಬಂತು. 2021ರಿಂದ ಚಿನ್ನದ ಒಡವೆಗೆ ಆರು ಅಕ್ಷರ ಮತ್ತು ಅಂಕಿಗಳ ವಿಶಿಷ್ಟ ಸಂಖ್ಯೆಯೂ ಇದೆ. ಆ ಸಂಖ್ಯೆಯಿಂದ ಮಾರಿದ ಅಂಗಡಿ, ಪರೀಕ್ಷಿಸಿದ ಕೇಂದ್ರ, ಶುದ್ಧತೆ ಎಲ್ಲ ತಿಳಿಯುತ್ತದೆ. ಕೊಳ್ಳುವವರ ರಕ್ಷಣೆಗೆ ಇದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಏಳುನೂರು ವರ್ಷಗಳ ಹಿಂದೆ ಚಿರತೆಯ ತಲೆ ಹೇಳುತ್ತಿದ್ದುದನ್ನೇ ಈ ಸಂಖ್ಯೆಯೂ ಹೇಳುತ್ತಿದೆ. ಕೆಂಡದ ಮುಂದೆ ಕುಳಿತವರು ಯಾರೆಂಬುದು ಅಂದಿನಂತೆ ಇಂದೂ ಅದರ ಪ್ರಶ್ನೆಯಲ್ಲ.

ಆ ಪ್ರಶ್ನೆಯನ್ನು ಕೇಳಬೇಕಾದವರು ನಾವು. ಹಳೆಯ ವಸ್ತುಗಳ ಲೋಕದಲ್ಲಿ ಒಂದು ಒಳ್ಳೆಯ ರೂಢಿಯಿದೆ. ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಾಗದಗಳನ್ನು ವಸ್ತುವಿನ ಜೊತೆಗೇ ಜೋಪಾನ ಮಾಡುತ್ತಾರೆ. ಹಳೆಯ ರಸೀದಿಯ ಚೂರು ಕೂಡ ಬೆಲೆ ಬದಲಿಸುತ್ತದೆ. ಸದ್ಯ ಆ ಸರಣಿ ಮೊದಲ ಮಾಲೀಕನಿಂದ ಶುರುವಾಗುತ್ತದೆ. ಅದನ್ನು ಒಂದು ಹೆಜ್ಜೆ ಹಿಂದಿನಿಂದ ಶುರುಮಾಡುವುದು ಕಷ್ಟದ ಕೆಲಸವಲ್ಲ. ಬೀದರಿನಲ್ಲಿ ಒಂದು ಹೂದಾನಿ ಕೊಂಡಾಗ, ಊರಿನ ಅಕ್ಕಸಾಲಿಗರಲ್ಲಿ ಒಂದು ಬೆಳ್ಳಿ ದೀಪ ಮಾಡಿಸಿದಾಗ, ಇದರ ಎರಕ ಯಾರದು, ಕೆತ್ತನೆ ಯಾರದು ಎಂದು ಕೇಳಿ ರಸೀದಿಯ ಹಿಂಬದಿಗೆ ಬರೆಸಿಕೊಳ್ಳಬಹುದು. ನಾನು ಹಾಗೆ ಕೇಳತೊಡಗಿ ಕೆಲವು ವರ್ಷಗಳಾದವು. ಅಂಗಡಿಯವರು ಮೊದಲು ಅನುಮಾನದಿಂದ ನೋಡುತ್ತಾರೆ, ಏನೋ ದೂರು ಕೊಡಲು ಕೇಳುತ್ತಿದ್ದಾರೆಂದು. ಕಾರಣ ಹೇಳಿದ ಮೇಲೆ ಹೆಚ್ಚಿನವರು ಒಳಗೆ ತಿರುಗಿ ಒಂದು ಹೆಸರು ಕೂಗುತ್ತಾರೆ. ಕೆಲವೊಮ್ಮೆ ಎರಡು ಹೆಸರು, ಕೆಲವೊಮ್ಮೆ ಮೂರು. ಅಷ್ಟನ್ನೂ ಬರೆದುಕೊಳ್ಳುತ್ತೇನೆ.